ಬೂಟಿನ ಮೂತಿ ಎಳಿಯೂ ಯಂತ್ರ: ಇದನ್ನ ಮಾಡಿದಾಂವ ಯಾರ್ರಿ?

ಬೂಟಿನಂಗಡಿ_ಹುಬ್ಬಳ್ಳಿ (ರವಿವಾರ, ರಾತ್ರಿ 10.40)

ಎಲ್ಲಾರಿಗೂ ನಮಸ್ಕಾರ್ರಿ. ಯಂತ್ರದ ಬಗ್ಗೆ ಕೇಳಾಕತ್ತೀನಿ, ಆದ್ರ ರಿಪೇರಿ ಬಗ್ಗೆ ಅಲ್ಲ. ತಪ್ಪ ಜಾಗಾದಾಗ ಹಾಕಿದ್ರ ಸುಧಾರಿಸ್ಕೊರಿ.

ನಮ್ದು ದುರ್ಗದಬೈಲದ ಹಿಂದಿನ ಓಣ್ಯಾಗ ಸಣ್ಣ ಅಂಗಡಿ. ಅಪ್ಪನ ಕಾಲದಿಂದ ಬೂಟು ಮಾಡೂದು. ಈಗ ಮಾಡೂದಕಿಂತ ರಿಪೇರೀನ ಜಾಸ್ತಿ: ಸೋಲ್ ಅಂಟಸೂದು, ಶಾಲಿ ಬ್ಯಾಗಿಗೆ ಜಿಪ್ ಹಾಕೂದು. ಹೋದ ತಿಂಗಳ ತಾರಿಹಾಳ ಕಡೆ ಒಂದ ಕಾರ್ಖಾನಿ ಬಾಗಲಾ ಹಾಕಿ ಸಾಮಾನೆಲ್ಲಾ ಮಾರಿದ್ರು. ಗುಜರಿಯಾಂವ ಪರಿಚಯದಾಂವ, ಫೋನ್ ಮಾಡಿ "ಕಾಕಾ, ನಿಮ್ಮ ಲೈನಿಂದು ಒಂದ ಮಷಿನ್ ಬಂದೈತಿ, ಒಡದು ತೂಕಕ್ಕ ಹಾಕೂಕಿಂತ ಮೊದಲ ಬಂದು ನೋಡ್ರಿ" ಅಂದ. ಹೋಗಿ ನೋಡಿದ್ರ ಟೋ ಲಾಸ್ಟಿಂಗ್ ಮಷಿನ್, ಅಂದ್ರ ಬೂಟಿನ ಮೂತಿ ಎಳಿಯೂ ಯಂತ್ರ. ಎಮ್ಮಿಯಷ್ಟ ದಪ್ಪ, ಮೈತುಂಬ ಎಣ್ಣಿ ಹೊಲಸು, ಹೆಸರಿನ ತಗಡು ಕಿತ್ತ ಹೋಗೈತಿ. ತೂಕದ ರೇಟಿಗೇ ಕೊಟ್ಟ. ತಳ್ಳೂಗಾಡ್ಯಾಗ ತಂದು ಅಂಗಡಿ ಮುಂದ ಇಳಿಸಿದಾಗ ಮನ್ಯಾಕಿ ಮಾರಿ ನೋಡಬೇಕಿತ್ತು ನೀವು.

ಗೊತ್ತಿಲ್ಲದಾವ್ರಿಗೆ ಹೇಳ್ತೀನಿ. ಬೂಟಿನ್ಯಾಗ ಭಾಳ ತ್ರಾಸಿನ ಕೆಲಸ ಹೊಲಗಿ ಅಲ್ರಿ, ಎಳಿಯೂದು. ಮ್ಯಾಲಿನ ತೊಗಲು, ಅಂದ್ರ ಅಪ್ಪರ್, ಹೊಲದು ತಯಾರಾದಾಗ ಖಾಲಿ ಚೀಲ ಇದ್ದಂಗ ಇರತೈತಿ. ಅದಕ್ಕ ಕಾಲಿನ ಆಕಾರ ಬರಬೇಕು. ಫರ್ಮಾ ಅಂದ್ರ ಕಾಲಿನ ಆಕಾರದ ಕಟಗಿ ಅಚ್ಚು. ಅದರ ಬುಡಕ್ಕ ಇನ್‌ಸೋಲ್, ಅಂದ್ರ ಒಳಗಿನ ತಳ, ಹೊಡದು, ಮ್ಯಾಲ ಅಪ್ಪರ್ ಹಾಕಿ, ಮಗಚಿ ತೊಡಿ ಮ್ಯಾಲ ಇಟ್ಕೊಂಡು, ಇಕ್ಕಳದಿಂದ ತೊಗಲಿನ ಅಂಚು ಹಿಡದು ಜಗ್ಗಿ, ಇನ್‌ಸೋಲಿನ ಮ್ಯಾಲ ಮಡಚಿ, ಸಣ್ಣ ಮೊಳಿ ಬಡೀಬೇಕು. ಬಾಯಾಗ ಹತ್ತ ಹನ್ನೆರಡ ಮೊಳಿ ಇರತಾವು, ನಾಲಿಗಿಲೆ ಒಂದೊಂದ ಮುಂದ ತರಬೇಕು. ಬಾಜೂಕ ಎಳಿಯೂದು ಸರಳ. ಮೂತಿ ಹತ್ರ ಬಂದ್ರ ಅಲ್ಲೈತಿ ಆಟ. ದುಂಡನ್ನ ಜಾಗಾದಾಗ ತೊಗಲು ಹೆಚ್ಚಾಗತೈತಿ. ಅದನ್ನ ಸೀರಿ ನಿರಿಗಿ ಹಿಡದಂಗ ಸಣ್ಣ ಸಣ್ಣ ನಿರಿಗಿ ಮಾಡಿ ಒಳಗ ಕೂಡಸಬೇಕು, ಮ್ಯಾಲಿಂದ ನೋಡಿದಾವ್ರಿಗೆ ಒಂದೂ ಕಾಣಬಾರದು. ಒಂದ ನಿರಿಗಿ ದಪ್ಪ ಆತಂದ್ರ ಮೂತಿ ಸೊಟ್ಟ. ಜಾಸ್ತಿ ಜಗ್ಗಿದ್ರ ತೊಗಲು ಹರೀತೈತಿ, ಕಡಿಮಿ ಜಗ್ಗಿದ್ರ ಫರ್ಮಾ ತಗದ ಎರಡ ದಿವಸಕ್ಕ ಬೂಟು ಬಾಡಿದ ಬದನಿಕಾಯಿ.

ಚಪ್ಪಲಿಗೆ ಇದ್ಯಾವ್ದೂ ಬೇಕಿಲ್ಲ. ನಮ್ಮ ಕಡೆ ಕೊಲ್ಹಾಪುರಿ ಮಾಡಾವ್ರು ಫರ್ಮಾ ಮುಟ್ಟೂದೂ ಇಲ್ಲ. ಅಪ್ಪ ಚಪ್ಪಲಿ ಮನಿತನದಾಗ ಹುಟ್ಟಿ ಬೂಟು ಕಲತಾಂವ. ರೈಲ್ವೆ ವರ್ಕ್‌ಶಾಪಿನಾವ್ರು ಅವನ ಹತ್ರ ಬೂಟು ಮಾಡಸ್ಕೊಂತಿದ್ರು. ಒಂದ ಜೋಡಿ ಎಳಿಯಾಕ ತಾಸ ಹಿಡೀತಿತ್ತು. ಅವನ ಹೆಬ್ಬಟ್ಟಿನ ಉಗುರು ಕಡೀತನಕಾ ಕರ್ರಗ ಇತ್ತು.

ಈಗ ನನ್ನ ಪ್ರಶ್ನೆ. ದೀಪಾವಳಿಗೆ ಮಗ ಬಂದಿದ್ದ, ಡಿಪ್ಲೊಮಾ ಮಾಡ್ಯಾನ. ಮಷಿನ್ ನೋಡಿ ಫೋನಿನ್ಯಾಗ ಏನೋ ಹುಡುಕಿ, "ಅಪ್ಪಾ, ಇದನ್ನ ಮೊದಲ ಮಾಡಿದಾಂವ ಒಬ್ಬ ಕರಿಯ ಹುಡುಗ ಅಂತ, ಹಡಗದಾಗ ಕೂಲಿ ಮಾಡ್ಕೋತ ಬ್ಯಾರೆ ದೇಶದಿಂದ ಅಮೆರಿಕಕ್ಕ ಬಂದಾಂವ, ಮೂವತ್ತಾರಕ್ಕ ಸತ್ತಾನ" ಅಂದ. ಮರುದಿವಸ ಬೆಂಗಳೂರಿಗೆ ಹ್ವಾದ. ನನಗ ಅದೇ ತಲ್ಯಾಗ ಕೂತೈತಿ. ನಲವತ್ತ ವರ್ಷ ಈ ಧಂಧೆದಾಗ ಇದ್ದು ಆ ಹೆಸರು ಒಮ್ಮೆರೆ ಕೇಳಿಲ್ಲ. ಇದು ಖರೇನ? ಅಂವ ಎಲ್ಲಿಯಾಂವ? ಹೆಂಗ ಮಾಡಿದ? ರೊಕ್ಕ ಏನರೆ ಸಿಕ್ಕಿತ?

ಗೋಕುಲರೋಡ್_ಸ್ಪೇರ್ಸ್ (ರವಿವಾರ, ರಾತ್ರಿ 11.15)

ಎಲಿಯಾಸ್ ಹೋವ್ ಇರಬೇಕ್ರಿ. ಹೊಲಗಿ ಯಂತ್ರ ಕಂಡ ಹಿಡದಾಂವ. ಶಾಲ್ಯಾಗ ಓದಿದ್ದು ನೆನಪೈತಿ. ಮಷಿನ್ ಮೋಟರಿಗೆ ಬೇರಿಂಗ್ ಬೇಕಾದ್ರ ಹೇಳ್ರಿ.

ನಿವೃತ್ತ_ಮೆಕ್ಯಾನಿಕಲ್_ಧಾರವಾಡ (ಸೋಮವಾರ, ಮುಂಜಾನೆ 6.20)

ಹೋವ್ ಅಲ್ಲ. ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಅದು ಬಟ್ಟೆಗೆ. ಬೂಟಿನ ಕಥೆ ಬೇರೆ ಅದ. ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಯಂತ್ರ ಕಲಿಸಿದವನು ನಾನು, ಈ ಮನುಷ್ಯನ ಹೆಸರನ್ನು ಒಂದು ಕ್ಲಾಸಿನಲ್ಲೂ ಹೇಳಲಿಲ್ಲ. ಸಿಲೆಬಸ್‌ನಲ್ಲಿ ಇರಲಿಲ್ಲ ಅನ್ನೋದು ನೆಪ.

ನಿಮ್ಮ ಮಗ ಹೇಳಿದ್ದು ಖರೆ. ಹೆಸರು ಯಾನ್ ಅರ್ನ್ಸ್ಟ್ ಮಾಟ್ಸೆಲಿಗರ್. 1852ರ ಸೆಪ್ಟೆಂಬರ್ 15ರಂದು ಪಾರಮಾರಿಬೊದಲ್ಲಿ ಹುಟ್ಟಿದ. ದಕ್ಷಿಣ ಅಮೆರಿಕದ ಮೇಲಂಚಿನಲ್ಲಿರುವ ಸುರಿನಾಮ್ ದೇಶದ ಊರು ಅದು, ಆಗ ಡಚ್ಚರ ಕೈಯಲ್ಲಿತ್ತು. ಅಪ್ಪ ಡಚ್ ಎಂಜಿನಿಯರ್, ತಾಯಿ ಅಲ್ಲಿಯ ಕಪ್ಪು ಹೆಣ್ಣುಮಗಳು. ಹತ್ತು ವರ್ಷದವನಿದ್ದಾಗಲೇ ಅಪ್ಪನ ಕೈಕೆಳಗಿನ ಯಂತ್ರಶಾಲೆಗೆ ಸೇರಿದ. ಹತ್ತೊಂಬತ್ತಕ್ಕೆ ಹಡಗು ಹತ್ತಿದ. ಎರಡು ವರ್ಷ ಸಮುದ್ರದ ಮೇಲೆ ಕಳೆದು ಫಿಲಡೆಲ್ಫಿಯಾದಲ್ಲಿ ಇಳಿದ. 1877ರ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಲಿನ್ ಎಂಬ ಊರಿಗೆ ಬಂದ. ಆ ಕಾಲಕ್ಕೆ ಬೂಟು ಅಂದ್ರೆ ಲಿನ್, ಲಿನ್ ಅಂದ್ರೆ ಬೂಟು. ಇವನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಹಗಲು ಕಾರ್ಖಾನೆ, ರಾತ್ರಿ ಶಾಲೆ.

ಕಾರ್ಖಾನೆಯಲ್ಲಿ ಅವನಿಗೆ ಸಿಕ್ಕದ್ದು ಸೋಲ್ ಹೊಲಿಯುವ ಯಂತ್ರ. ಅದು ಲೈಮನ್ ಬ್ಲೇಕ್ ಎಂಬವನ 1858ರ ಪೇಟೆಂಟ್, ಮೆಕೇ ಎಂಬವನು ಅದನ್ನು ಕೊಂಡು ತನ್ನ ಹೆಸರಿನಲ್ಲಿ ಓಡಿಸಿದ. ಅಂದರೆ ನೋಡಿ, ಅಪ್ಪರ್ ಹೊಲಿಯಲು ಯಂತ್ರ ಬಂದಿತ್ತು, ಸೋಲ್ ಕೂಡಿಸಲು ಯಂತ್ರ ಬಂದಿತ್ತು, ನಡುವಿನ ನಿಮ್ಮ ಎಳೆಯೋ ಕೆಲಸ ಮಾತ್ರ ಕೈಯಲ್ಲೇ ಉಳಿದಿತ್ತು. ಒಳ್ಳೆಯ ಕೈಯವನು ಹತ್ತು ತಾಸಿಗೆ ಐವತ್ತು ಜೋಡಿ ಎಳೆಯುತ್ತಿದ್ದ. ಅದಕ್ಕಿಂತ ಹೆಚ್ಚು ಇಡೀ ಕಾರ್ಖಾನೆಯೇ ಹೊರಗೆ ಕಳಿಸುವಂತಿರಲಿಲ್ಲ. ಲಾಸ್ಟರುಗಳಿಗೆ, ಅಂದರೆ ಈ ಎಳೆಯೋ ಕೆಲಸದವರಿಗೆ, ಅದು ಗೊತ್ತಿತ್ತು. ಕೂಲಿ ಅವರು ಹೇಳಿದಷ್ಟು, ಸಂಘ ಗಟ್ಟಿ, ಸಿಟ್ಟು ಬಂದರೆ ಊರಿಗೆ ಊರೇ ನಿಂತಿತು. ಬೆರಳಿಲ್ಲದ ಯಂತ್ರ ಈ ಕೆಲಸ ಮಾಡಲಾರದು ಅನ್ನೋದು ಅವರ ಭರವಸೆ. ಮಾಲೀಕರಿಗೂ ಹಂಗೇ ಅನಿಸಿತ್ತು.

ಈತ ತನ್ನ ಯಂತ್ರದ ಮುಂದೆ ಕೂತು ಆ ಬೆರಳುಗಳನ್ನು ನೋಡಿದ. ರಾತ್ರಿ ಬಾಡಿಗೆ ಕೋಣೆಯಲ್ಲಿ ಸಿಗಾರ್ ಪೆಟ್ಟಿಗೆಯ ಹಲಗೆ, ತಂತಿ, ಮೊಳೆ ಸೇರಿಸಿ ಮೊದಲ ಮಾದರಿ ಕಟ್ಟಿದ. ಒಬ್ಬ ಬಂದು 50 ಡಾಲರ್ ಕೊಡ್ತೀನಿ ಅಂದ, ಕೊಡಲಿಲ್ಲ. ಗುಜರಿ ಕಬ್ಬಿಣದಲ್ಲಿ ಎರಡನೆಯದು ಕಟ್ಟಿದ. ಮೂತಿಯ ನಿರಿಗೆ ಹಿಡಿಯುವ ಭಾಗಕ್ಕಷ್ಟೇ 1500 ಡಾಲರ್ ಅಂದರು, ಅದನ್ನೂ ಕೊಡಲಿಲ್ಲ. ದಿನಕ್ಕೆ ಐದು ಸೆಂಟಿನ ಊಟದ ಮೇಲೆ ಬದುಕಿದ ಎಂದು ಅವನ ಬಗ್ಗೆ ಬರೆದವರು ಬರೆಯುತ್ತಾರೆ, ಮೆಕ್ಕೆಜೋಳದ ಹಿಟ್ಟಿನ ಅಂಬಲಿ. ಮೂರನೆಯ ಮಾದರಿಗೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಡೆಲ್ನೋ ಮತ್ತು ನಿಕಲ್ಸ್ ಅಂತ ಇಬ್ಬರು ರೊಕ್ಕ ಹಾಕಿದರು, ಬದಲಿಗೆ ಹಕ್ಕಿನ ಮೂರರಲ್ಲಿ ಎರಡು ಪಾಲು ಬರೆಸಿಕೊಂಡರು.

ಪೇಟೆಂಟ್ ಅರ್ಜಿ ಕಳಿಸಿದರೆ ವಾಷಿಂಗ್ಟನ್ನಿನ ಕಚೇರಿಯವರಿಗೆ ನಕ್ಷೆ ತಿಳಿಯಲಿಲ್ಲ. ಇಂಥದು ನಡೀತದೋ ಇಲ್ಲೋ ಅಂತ ಒಬ್ಬ ಅಧಿಕಾರಿಯನ್ನೇ ಲಿನ್‌ಗೆ ಕಳಿಸಿದರು. ಆತ ಕಣ್ಣಾರೆ ನೋಡಿದ. 1883ರ ಮಾರ್ಚ್ 20ಕ್ಕೆ ಪೇಟೆಂಟ್ ಬಂತು, ನಂಬರ್ 2,74,207. 1885ರ ಮೇ ತಿಂಗಳಲ್ಲಿ ಎಲ್ಲರೆದುರು ಓಡಿಸಿದಾಗ ಒಂದು ದಿನಕ್ಕೆ 75 ಜೋಡಿ ಎಳೆಯಿತು. ಸುಧಾರಿಸಿದ ಮೇಲೆ 150ರಿಂದ 700ರವರೆಗೆ ಹೋಯಿತು.

1886ರಲ್ಲಿ ಥಂಡಿ ಹಿಡೀತು, ಅದು ಕ್ಷಯಕ್ಕೆ ತಿರುಗಿತು. 1889ರ ಆಗಸ್ಟ್ 24ರಂದು ತೀರಿಕೊಂಡ. ಇನ್ನು ಮೂರು ವಾರ ಇದ್ದಿದ್ದರೆ ಮೂವತ್ತೇಳು. ಮದುವೆ ಆಗಿರಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆದು ಗೆಳೆಯರಿಗೆ ಹಂಚುತ್ತಿದ್ದನಂತೆ.

ಒಂದು ಮಾತು. ನೀವು ತಂದದ್ದು ಅವನ ಯಂತ್ರ ಅಲ್ಲ. ಅವನದು ಒಂದು ಇಕ್ಕಳದಿಂದ ತೊಗಲು ಹಿಡಿದು ಜಗ್ಗಿ, ಮಡಚಿ, ಮೊಳೆ ಹೊಡೆದು, ಫರ್ಮಾವನ್ನು ಒಂಚೂರು ಸರಿಸಿ ಮತ್ತೆ ಹಿಡಿಯುತ್ತಿತ್ತು, ಥೇಟ್ ನಿಮ್ಮ ತಂದೆಯವರ ಹಾಗೆ. ಈಗಿನ ಟೋ ಯಂತ್ರದಲ್ಲಿ ಎರಡು ತಗಡು ಎರಡೂ ಕಡೆಯಿಂದ ಬಾಗಿಲು ಮುಚ್ಚಿದಂತೆ ಬಂದು ತೊಗಲನ್ನು ಒಮ್ಮೆಲೇ ಒಳಗೆ ತಳ್ಳುತ್ತವೆ, ಮೊಳೆ ಬದಲು ಅಂಟು. ಮುಂದೆ ಬೆಳಕು ಹಾಕಿ ನೋಡಿ, ಆ ತಗಡು ಕಾಣ್ತಾವೆ.

ಬೂಟಿನಂಗಡಿ_ಹುಬ್ಬಳ್ಳಿ (ಸೋಮವಾರ, ಮಧ್ಯಾಹ್ನ 2.05)

ಸರ, ಭಾಳ ಉಪಕಾರ ಆತು. ಟಾರ್ಚ್ ಹಚ್ಚಿ ನೋಡಿದೆ, ತಗಡು ಅದಾವ. ಒಂದರ ತುದಿ ಮುರದೈತಿ.

ಹತ್ತ ತಾಸಿಗೆ ಐವತ್ತ ಅಂದ್ರ ಹನ್ನೆರಡ ನಿಮಿಷಕ್ಕ ಒಂದ ಜೋಡಿ, ಅದನ್ನ ಓದಿ ಊಟ ಮಾಡೂದು ಬಿಟ್ಟು ಕೂತೆ. ಆ ಲಾಸ್ಟರುಗಳು ಮನಷ್ಯಾರೋ ಏನೋ. ಅಪ್ಪ ತಾಸ ಹಿಡಿಯಾಂವ ಅಂತ ಬರದೆ, ಅಂವ ಮೈಗಳ್ಳ ಅಲ್ರಿ, ಒಬ್ಬನೇ ಎಲ್ಲಾ ಮಾಡಾಂವ. ದಿವಸಾ ಅದೊಂದೇ ಕೆಲಸ ಮಾಡಿದ್ರ ಕೈ ಬ್ಯಾರೇನ ಆಗತೈತಿ, ತಿಳೀತೈತಿ.

ನನಗ ಹಿಡಿಸಿದ್ದು ಅಂವ ಕೂತು ನೋಡಿದ ಅನ್ನೂದು. ಎಳಿಯೂ ಕೆಲಸ ನೋಡಿ ಕಲಿಯೂದು ಎಷ್ಟ ಕಠಿಣ ಗೊತ್ತೇನ್ರಿ? ಮೂತಿ ಎಳಿವಾಗ ಮೂರ ಬಟ್ಟು ಕೂಡೇ ನಡೀತಾವು. ಹೆಬ್ಬಟ್ಟು ಹಿಂದಿನ ನಿರಿಗಿ ಒತ್ತಿ ಹಿಡದಿರತೈತಿ, ತೋರಬಟ್ಟು ಮುಂದಿನ ನಿರಿಗಿಗೆ ತೊಗಲು ದೂಡತೈತಿ, ನಡಬಟ್ಟು ಅಡಿಯಿಂದ ಬಿಗಿ ಎಷ್ಟೈತಿ ನೋಡತೈತಿ. ಅಪ್ಪ ಮೂತಿಗೆ ಬಂದಕೂಡ್ಲೆ ಗೋಡಿ ಕಡೆ ತಿರಗಿ ಕೂಡತಿದ್ದ. ಕೆಲಸದ ಹುಡುಗರು ಇದ್ರ ಚಾ ತರಾಕ ಕಳಸಾಂವ. ನನಗೂ ಹದಿನಾರ ತುಂಬೂತನಕಾ ತೋರಿಸಲಿಲ್ಲ. ಅದು ಅಂವನ ಅನ್ನ. ಲಿನ್ನಿನ್ಯಾಗೂ ಹಂಗ ಇದ್ದೀತು. ಹಂತಾದ್ರಾಗ ತನ್ನ ಕೆಲಸ ಬಿಡದ, ಕಳ್ಳಗಣ್ಣಿಲೆ ಮೂರೂ ಬಟ್ಟಿನ ಲೆಕ್ಕ ಹಿಡದಾನ ಅಂದ್ರ, ಅಂವ ಎಂಜಿನಿಯರ್ ಆಗೂಕಿಂತ ಮೊದಲ ಭಾಳ ಛಲೋ ಶಾಗೀರ್ದ.

50 ಡಾಲರಿಗೆ ಕೊಡಲಿಲ್ಲ ಅಂದ್ರೆಲ್ಲ, ಅದಕ್ಕ ಒಂದ ಮಾತ ಹೇಳ್ತೀನಿ. ಅಪ್ಪ ಒಂದ ಸಣ್ಣ ಸಾಧನ ಮಾಡಿದ್ದ. ಬಾಚಣಿಕಿ ಹಂಗ ಹಲ್ಲ ಕೊಯ್ದ ಕಬ್ಬಿಣದ ಪಟ್ಟಿ, ಮೂತಿಯ ದುಂಡಿಗೆ ಸರಿಯಾಗಿ ಬಗ್ಗಸಿದ್ದು. ತೊಗಲಿನ ಮ್ಯಾಲ ಅದನ್ನ ಒತ್ತಿ ಹಿಡದ್ರ ನಿರಿಗಿ ಸಮಾ ಬರತಿದ್ದೂ. ಹೊಸಾ ಹುಡುಗ ಹಿಡದ್ರೂ ಮೂತಿ ಸೊಟ್ಟ ಆಗತಿರಲಿಲ್ಲ. ಆಗ ಅಂವ ಒಬ್ಬ ಮಾಲಕರ ಹತ್ರ ದುಡೀತಿದ್ದ, ಹೆಸರು ಬ್ಯಾಡ, ಈಗ ಅವರೂ ಇಲ್ಲ. ಆ ಮಾಲಕರು ಪಟ್ಟಿ ಒಯ್ದು ಲೇಥಿನಾಂವನ ಕಡೆ ಕೊಟ್ಟು ಹನ್ನೆರಡ ಮಾಡಿಸಿದ್ರು, ಬಾಜೂ ಊರಿನ ಅಂಗಡಿಗೂ ಮಾರಿದ್ರು. ಅಪ್ಪಗ ದೀಪಾವಳಿಗೆ ಒಂದ ಶರ್ಟಿನ ಅರಿವಿ ಬಂತು. ಅಂವ ಅದನ್ನ ಹೊಲಿಸ್ಕೊಂಡು ಹಾಕ್ಕೊಂಡ. ನನಗ ಸಿಟ್ಟ ಬರೂದು ಅದಕ್ಕ.

ಬೆಟಗೇರಿ_ಮಗ್ಗ (ಸೋಮವಾರ, ಸಂಜಿ 7.30)

ನಾ ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ.

ನೀವೆಲ್ಲಾ ಯಂತ್ರ ಮಾಡಿದಾವನ ಕಡೆ ನಿಂತೀರಿ. ಐವತ್ತ ಜೋಡಿ ಎಳಿಯಾಂವನ ಕಡೆ ಯಾರ ನಿಂತೀರಿ? ನೂರಾ ಐವತ್ತ ಅಂದ್ರ ಮೂರ ಮಂದಿ ಕೆಲಸ, ಏಳನೂರ ಅಂದ್ರ ಹದಿನಾಲ್ಕ ಮಂದಿದು. ಅವರ ಬಟ್ಟು ನೋಡಿ ಕಲತು ಅವರ ಹೊಟ್ಟಿಗೇ ತಂದಿಟ್ಟಂಗ ಆಗಲಿಲ್ಲೇನ್ರಿ?

ನಮ್ಮದು ನೇಕಾರ ಮನಿತನ. ಅಜ್ಜ ಕೈಮಗ್ಗದಾಗ ಸೀರಿ ನೇಯ್ತಿದ್ದ. ಲಾಳಿ ಹಾಯೂ ಸಪ್ಪಳದ ಮ್ಯಾಲ ಯಾವ ಮನ್ಯಾಗ ಯಾರು ಕೂತಾರ ಅಂತ ಓಣ್ಯಾಗ ನಿಂತು ಹೇಳಾಂವ. ಪವರ್‌ಲೂಮ್ ಬಂದ ಮ್ಯಾಲ ಓಣಿ ತುಂಬ ಒಂದೇ ಸಪ್ಪಳ. ಈಗ ನಾ ಒಬ್ಬನೇ ನಾಲ್ಕ ಮಗ್ಗ ನೋಡ್ಕೊತೀನಿ, ಕಿವಿ ಅರ್ಧ ಹೋಗ್ಯಾವ. ಅಜ್ಜನ ಸರಿ ಆರ ಮಂದಿ ಹೊಟ್ಟಿ ತುಂಬತಿತ್ತು. ಪವರ್‌ಲೂಮ್ ಬ್ಯಾಡ ಅನ್ನೂದಿಲ್ಲ, ಅದ ನನಗೂ ಅನ್ನ. ಆದ್ರ ಕಂಡ ಹಿಡದಾಂವನ ಕಥಿ ಹೇಳೂ ಮುಂದ ಈ ಲೆಕ್ಕಾನೂ ಬರೀರಿ ಅಂತೀನಿ ಅಷ್ಟ.

ನಿವೃತ್ತ_ಮೆಕ್ಯಾನಿಕಲ್_ಧಾರವಾಡ (ಸೋಮವಾರ, ರಾತ್ರಿ 9.10)

ಬೆಟಗೇರಿಯವರೇ, ನೀವು ಕೇಳಿದ್ದು ಸರಿ ಅದ. ನಾ ಅದನ್ನು ಬಿಟ್ಟದ್ದು ತಪ್ಪು. ಆದರೆ ಲೆಕ್ಕ ಬರೆಯೋದಾದರೆ ಪೂರಾ ಬರೆಯೋಣ. ಯಂತ್ರ ದೊಡ್ಡದಾಗಿ ಮಾಡಲು ಮತ್ತೂ ರೊಕ್ಕ ಬೇಕಾಗಿ ಒಂದು ಕಂಪನಿ ಹುಟ್ಟಿತು, ಮಾಟ್ಸೆಲಿಗರ್ ತನ್ನ ಹಕ್ಕು ಕೊಟ್ಟು ಷೇರು ಪಡೆದ. ಅವನು ಸತ್ತು ಹತ್ತು ವರ್ಷಕ್ಕೆ, 1899ರಲ್ಲಿ, ಬೂಟಿನ ಯಂತ್ರದ ದೊಡ್ಡ ಕಂಪನಿಗಳು ಕೂಡಿ ಯುನೈಟೆಡ್ ಶೂ ಮಶಿನರಿ ಆಯಿತು. ಅವರು ಮುಖ್ಯ ಯಂತ್ರಗಳನ್ನು ಮಾರುತ್ತಲೇ ಇರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು. ಲಾಸ್ಟರನ ಕೂಲಿಯಲ್ಲಿ ಉಳಿದದ್ದರ ಒಂದು ಪಾಲು ಆ ಬಾಡಿಗೆಗೆ ಹೋಯಿತು. 1953ರಲ್ಲಿ ಅಮೆರಿಕದ ಕೋರ್ಟು ಇದು ಏಕಸ್ವಾಮ್ಯ ಅಂತ ತೀರ್ಪು ಕೊಡೋವರೆಗೂ ಆಟ ನಡೆದೇ ಇತ್ತು. ಬೂಟು ಅಗ್ಗ ಆದದ್ದೂ ಖರೆ, ಅರ್ಧ ಬೆಲೆಗೆ ಬಂತು ಅಂತಾರ. ಬರಿಗಾಲಲ್ಲಿ ಹಿಮದಾಗ ಓಡಾಡೋ ಕೂಸಿನ ಲೆಕ್ಕ ಯಾವ ಕಾಲಮ್ಮಿನಲ್ಲಿ ಬರೆಯೋಣ ಹೇಳ್ರಿ.

ಹಾವೇರಿ_ಸಮಾಜವಿಜ್ಞಾನ (ಮಂಗಳವಾರ, ಮುಂಜಾನೆ 5.50)

ನಾನು ಹೈಸ್ಕೂಲಲ್ಲಿ ಸಮಾಜ ಕಲಿಸ್ತೀನಿ. ಯಂತ್ರ ನನಗೆ ತಿಳಿಯೋದಿಲ್ಲ, ಆದರೆ ಸುರಿನಾಮ್ ಹೆಸರು ನೋಡಿ ಸುಮ್ಮನಿರಲು ಆಗಲಿಲ್ಲ.

ಮಾಟ್ಸೆಲಿಗರ್ ಹುಟ್ಟಿದಾಗ ಆ ನಾಡಿನಲ್ಲಿ ಗುಲಾಮಗಿರಿ ಕಾನೂನೇ ಆಗಿತ್ತು. ಡಚ್ಚರು ಅದನ್ನು ತೆಗೆದದ್ದು 1863ರ ಜುಲೈ 1ಕ್ಕೆ, ಅವನಿಗೆ ಹತ್ತು ವರ್ಷ. ತೆಗೆದರು ಅಂದರೂ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಕರಾರಿನ ಮೇಲೆ ತೋಟಗಳಲ್ಲಿ ದುಡಿಯಲೇಬೇಕು ಅಂತ ಕಟ್ಟು ಹಾಕಿದರು. ಆ ಕಟ್ಟು ಮುಗಿಯೋದು 1873ಕ್ಕೆ. ಈ ಹುಡುಗ 1871ರಲ್ಲೇ ಹಡಗು ಹತ್ತಿದ. ಯಾಕೆ ಹತ್ತಿದ ಅಂತ ನಾ ಹೇಳೋದಿಲ್ಲ, ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟೆ ಅಷ್ಟೆ.

ಇನ್ನೊಂದು ನೋಡ್ರಿ. ಕಟ್ಟು ಮುಗಿಯೋ ಹೊತ್ತಿಗೆ ಕಬ್ಬಿನ ತೋಟಕ್ಕೆ ಆಳು ಯಾರು? ನಮ್ಮವರು. ಕಲ್ಕತ್ತೆಯಿಂದ ಹೊರಟ ಲಾಲಾ ರೂಖ್ ಎಂಬ ಹಡಗು 1873ರ ಜೂನ್ 5ರಂದು ಪಾರಮಾರಿಬೊ ಮುಟ್ಟಿತು, ಅದರಲ್ಲಿ ಸುಮಾರು ನಾನೂರು ಜನ. 1916ರವರೆಗೆ ಮೂವತ್ನಾಲ್ಕು ಸಾವಿರ ಭಾರತೀಯರು ಹಂಗೇ ಹೋದರು. ಮಾಟ್ಸೆಲಿಗರ್ ಫಿಲಡೆಲ್ಫಿಯಾದ ಬೀದಿಯಲ್ಲಿ ಕೆಲಸ ಹುಡುಕೋ ವರ್ಷ ಅವನ ಊರಿನ ದಂಡೆಯಲ್ಲಿ ಭೋಜಪುರಿ ಮಾತಾಡೋ ಜನ ಇಳೀತಿದ್ದರು. ಕ್ಲಾಸಿನಲ್ಲಿ ಭೂಪಟ ಹಾಕಿ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ, ಪ್ರಯೋಗ ಮಾಡಿ ನೋಡಿದ್ದೀನಿ.

ಲಿನ್‌ನಲ್ಲಿ ಅವನಿಗೆ ದೊಡ್ಡ ಪೆಟ್ಟು ಬಿದ್ದದ್ದು ಚರ್ಚಿನ ಬಾಗಿಲಲ್ಲಿ. ಒಂದಲ್ಲ, ಬೇರೆ ಬೇರೆ ಪಂಥದ ಚರ್ಚುಗಳು ಬಣ್ಣ ನೋಡಿ ಸೇರಿಸಿಕೊಳ್ಳಲಿಲ್ಲ. ಕೊನೆಗೆ ನಾರ್ತ್ ಕಾಂಗ್ರಿಗೇಶನಲ್ ಚರ್ಚಿನ ಯುವಕರ ಗುಂಪು ಕರೆದು ಕೂಡಿಸಿಕೊಂಡಿತು. ಅವರ ಸಂಗಡ ಭಾನುವಾರದ ಶಾಲೆಯಲ್ಲಿ ಕಲಿಸಿದ. ಸಾಯುವಾಗ ತನ್ನ ಷೇರಿನ ಪಾಲು ಆ ಚರ್ಚಿಗೆ ಬರೆದಿಟ್ಟ. ಮುಂದೆ ಆ ಷೇರಿನ ಬೆಲೆ ಏರಿ ಚರ್ಚು ತನ್ನ ಕಟ್ಟಡದ ಸಾಲ ತೀರಿಸಿತು. ಕಾರ್ಖಾನೆಯವರು ಮಾತ್ರ ಅವನ ಯಂತ್ರವನ್ನು ಕರಿಯರನ್ನು ಹೀಯಾಳಿಸೋ ಒಂದು ಪದ ಸೇರಿಸಿ ಕರೀತಿದ್ದರು, ಆ ಪದ ಇಲ್ಲಿ ಬರೆಯೋದಿಲ್ಲ. ದಿನಾ ಆ ಯಂತ್ರದಿಂದ ಉಂಡವರ ಬಾಯಲ್ಲಿ ದಿನಾ ಅದೇ ಹೆಸರು.

ಅಮೆರಿಕದ ಅಂಚೆಯವರು 1991ರಲ್ಲಿ 29 ಸೆಂಟಿನ ಒಂದು ಸ್ಟಾಂಪ್ ತಂದರು, ಅವನ ಮುಖ ಇರೋದು.

ಹುಬ್ಬಳ್ಳಿ ಅಣ್ಣಾರ, ನಿಮ್ಮ ತಂದೆಯವರ ಆ ಹಲ್ಲಿನ ಪಟ್ಟಿ ಇನ್ನೂ ಇದೆಯಾ? ಇದ್ದರೆ ಒಂದು ಫೋಟೊ ಹಾಕ್ರಿ.

ಗೋಕುಲರೋಡ್_ಸ್ಪೇರ್ಸ್ (ಮಂಗಳವಾರ, ಮುಂಜಾನೆ 10.30)

ಹೋವ್ ಅಂದಿದ್ದು ವಾಪಸ್ ತಗೊಂಡೆ.

ನಮ್ಮ ಅಣ್ಣಿಗೇರಿ ಅಬ್ದುಲ್ ಖಾದರ್ ನಡಕಟ್ಟಿನ ಅವರದು ನೆನಪಾತು. ಮುಂಜಾನೆ ಎಚ್ಚರ ಆಗಲಿ ಅಂತ ಗಡಿಯಾರಕ್ಕ ದಾರ ಕಟ್ಟಿ ಮಾರಿ ಮ್ಯಾಲ ನೀರು ಬೀಳೂವಂಗ ಮಾಡಿದ್ದು ಅವರ ಮೊದಲನೇ ಕೆಲಸ, ಆಮ್ಯಾಲ ಹುಣಸಿ ಬೀಜ ಬೇರೆ ಮಾಡೂದು, ಬಿತ್ತೂ ಕೂರಿಗಿ. 2022ಕ್ಕ ಪದ್ಮಶ್ರೀ ಬಂತು. ಅಲ್ಲೀತನಕಾ ಪಕ್ಕದ ಊರಾವ್ರು ಎಷ್ಟ ಮಂದಿಗೆ ಗೊತ್ತಿತ್ತು? ಪದ್ಮಶ್ರೀ ಬಂದಾಗ ನಾನೂ ಪೇಪರಿನ್ಯಾಗ ನೋಡೇ ತಿಳಕೊಂಡಿದ್ದು, ನಮ್ಮ ಅಂಗಡಿಯಿಂದ ಅಣ್ಣಿಗೇರಿ ಒಂದ ತಾಸಿನ ದಾರಿ.

ಬೂಟಿನಂಗಡಿ_ಹುಬ್ಬಳ್ಳಿ (ಬುಧವಾರ, ರಾತ್ರಿ 11.30)

ತಡಾ ಆತು, ಅಂಗಡ್ಯಾಗ ಗದ್ದಲ ಇತ್ತು.

ಅಕ್ಕಾರ, ಪಟ್ಟಿ ಹುಡುಕಿದೆ. ಮ್ಯಾಲಿನ ಅಟ್ಟದಾಗ ಅಪ್ಪನ ಪೆಟಗಿ ಐತಿ, ಆರ ವರ್ಷದಿಂದ ತಗದಿರಲಿಲ್ಲ. ತೊಗಲು ಕೊಯ್ಯೂ ರಂಪಿಗಿ ಸಿಕ್ತು, ತುಕ್ಕ ಹಿಡದೈತಿ. ಇಕ್ಕಳ ಸಿಕ್ತು. ಮೊಳಿ ಡಬ್ಬಿ ಸಿಕ್ತು, ಒಳಗಿನ ಮೊಳಿ ಎಲ್ಲಾ ಒಂದಕ್ಕೊಂದು ಹತ್ಕೊಂಡು ಗಂಟ ಆಗ್ಯಾವ. ಪಟ್ಟಿ ಸಿಗಲಿಲ್ಲ. ಆ ಲೇಥಿನಾಂವ ಮಾಡಿದ ಹನ್ನೆರಡ್ರಾಗ ಒಂದರೆ ಊರಾಗ ಎಲ್ಲೋ ಇರಬೇಕು, ಅದು ಏನಂತ ಯಾರಿಗೂ ಗೊತ್ತಿರಾಕಿಲ್ಲ. ಬಾಚಣಿಕಿ ತುಂಡ ಅಂತ ಒಗದಾರು.

ಬೆಟಗೇರಿ ಅಣ್ಣ, ನೀವು ಹೇಳಿದ್ದು ಎರಡ ದಿವಸ ಕಾಡ್ತು. ಅಪ್ಪ ಇದ್ದಿದ್ರ ನಿಮ್ಮ ಕಡೇನ ನಿಲ್ಲತಿದ್ದ. ಅಂವ ಗೋಡಿ ಕಡೆ ತಿರಗಿ ಕೂಡತಿದ್ದದ್ದೂ ಅದಕ್ಕ ಅಲ್ಲೇನ. ಮತ್ತ ಅವನ ಹಲ್ಲಿನ ಪಟ್ಟಿ ಮಾಡಿದ್ದೂ ಅವನ. ಹೊಸಾ ಹುಡುಗನ ಕೈಯಾಗೂ ಕೆಲಸ ಬರೂವಂಗ ಮಾಡಿದ್ದು. ಎರಡೂ ಒಬ್ಬನ. ಮುಂಜಾನೆ ಒಂದ ಮಾಡತಿದ್ದ, ರಾತ್ರಿ ಇನ್ನೊಂದ ಮಾಡತಿದ್ದ. ನಾ ಇದಕ್ಕ ಏನ ಹೇಳ್ಲಿ?

ಪಟ್ಟಿ ಸಿಗಲಿಲ್ಲ ಅಂತ ಸಿಟ್ಟಿಗೆ ಒಂದ ಕೆಲಸ ಮಾಡಿದೆ. ಮೂರ ವರ್ಷ ಆಗಿತ್ತು ನಾ ಕೈಲೆ ಎಳದು. ಪೆಟಗ್ಯಾಗ ಆರನೇ ನಂಬರಿನ ಫರ್ಮಾ ಇತ್ತು. ಒಂದ ಹಳೇ ಅಪ್ಪರ್ ತೋಯಿಸಿ ಮೆತ್ತಗ ಮಾಡಿ, ಅಪ್ಪನ ಇಕ್ಕಳ ಹಿಡಕೊಂಡು ಕೂತೆ. ಬಾಜೂಕ ಹತ್ತ ನಿಮಿಷ. ಮೂತಿಗೆ ಬಂದ ಮ್ಯಾಲ ಹೆಬ್ಬಟ್ಟು ಕೇಳವಲ್ದು. ಎರಡ ಸಲಾ ಮೊಳಿ ಕಿತ್ತಿ ಮತ್ತ ಎಳದೆ. ಬಾಯಾಗಿನ ಮೊಳಿ ರುಚಿ, ಆ ಕಬ್ಬಿಣದ ಹುಳಿ, ಅದು ಮಾತ್ರ ಹಂಗ ಐತಿ. ಕಡೀಕ ಎಣಿಸಿದೆ, ಹದಿನೇಳ ನಿರಿಗಿ. ಒಂದ ದಪ್ಪ ಆಗೈತಿ, ಎಡಕ ಕಿರಿಬಟ್ಟಿನ ಮ್ಯಾಲ. ಬೆಳಕಿಗೆ ಹಿಡದ್ರ ಕಾಣತೈತಿ. ಮನ್ಯಾಕಿ ನೋಡಿ "ಏನೂ ಕಾಣವಲ್ದು" ಅಂದ್ಲು, ಆಕಿಗೆ ಚಸ್ಮಾ ಬೇಕು.

ಅದನ್ನ ಟೋ ಮಷಿನ್ ಮ್ಯಾಲ ಇಟ್ಟೀನಿ. ಹೆಸ್ಕಾಂಗೆ ತ್ರೀ ಫೇಸ್ ಕನೆಕ್ಷನಿಗೆ ಅರ್ಜಿ ಕೊಟ್ಟೀನಿ. ಗೋಕುಲ ರೋಡಿನಾವ್ರ, ಬೇರಿಂಗ್ ನಂಬರ್ ನಾಳೆ ತಗದು ಕಳಸ್ತೀನಿ, ಮುರದ ತಗಡಿನ ಅಳತಿ ಕೊಟ್ರ ಮಾಡಿಸಿ ಕೊಡಾಕ ಆಗತೈತೇನ ಹೇಳ್ರಿ.

ಇನ್ನೊಂದ. ನನ್ನ ಹತ್ರ ಇರೂದು ಎಡಗಾಲಿನ ಫರ್ಮಾ ಒಂದ. ಬಲಗಾಲಿಂದು ಗೆದ್ದಲ ತಿಂದು ಹಿಟ್ಟಾಗೈತಿ. ಯಾರ ಮನ್ಯಾಗರೆ ಹಳೇ ಕಟಗಿ ಫರ್ಮಾ, ಆರನೇ ನಂಬರ್, ಬಲಗಾಲಿಂದು ಇದ್ರ ತಿಳಸ್ರಿ. ರೊಕ್ಕ ಕೊಡ್ತೀನಿ.